ಒಪ್ಪಿ ಬಂದವರು, ಹೊರಡಲಾಗದವರು

ಕಾಫಿ ತೋಟದ ಕೂಲಿಯವರ ವಿಚಾರದಲ್ಲಿ ‘ಜೀತ’ ಎಂಬ ಮಾತು ಎತ್ತಿ ನೋಡಿ. ಹಾಸನ ಜಿಲ್ಲೆಯ ಆನೇಮಹಲ್‌ನಿಂದ ಆಲೂರಿನವರೆಗೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ನಾವೇನ್ ಹಿಡ್ಕೊಂಡ್ ಬಂದಿದ್ವಾ? ಅವರೇ ಅಡ್ವಾನ್ಸ್ ಇಸ್ಕೊಂಡು, ಒಪ್ಕೊಂಡು ಬಂದಿದ್ದಲ್ವಾ?’ ಈ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹೇಳುವವರಲ್ಲಿ ಕೂಲಿಯವರ ಮಕ್ಕಳನ್ನು ರಾತ್ರೋರಾತ್ರಿ ತಮ್ಮ ಜೀಪಿನಲ್ಲೇ ಆಸ್ಪತ್ರೆಗೆ ಕರೆದೊಯ್ದವರೂ ಇರುತ್ತಾರೆ. ಸುಳ್ಳು ಹೇಳುತ್ತಿದ್ದಾರೆ ಎನ್ನುವುದಕ್ಕೂ ಕಾರಣವಿಲ್ಲ. ಮುಂಗಡ ಕೊಟ್ಟದ್ದು ನಿಜ, ಒಪ್ಪಿ ಬಂದದ್ದೂ ನಿಜ. ಹಾಗಿದ್ದಮೇಲೆ ಒಪ್ಪಿದವರನ್ನು ಅಪರಾಧಕ್ಕೆ ಬಲಿಯಾದವರು ಎಂದು ಯಾವ ನ್ಯಾಯದಿಂದ ಕರೆಯುವುದು?

ಒಪ್ಪಿಗೆಯನ್ನು ಬಂದ ದಿನದಲ್ಲಿ ಹುಡುಕುವುದರಿಂದಲೇ ನಮ್ಮ ಕಾನೂನೂ ನಮ್ಮ ಮನಸ್ಸೂ ದಾರಿ ತಪ್ಪುತ್ತಿವೆ ಎಂಬುದು ನನ್ನ ವಾದ. ಹೊರಡಬೇಕು ಅನ್ನಿಸಿದ ದಿನ ಆ ಮನುಷ್ಯ ಹೊರಡಬಹುದಿತ್ತೇ ಎಂದು ಕೇಳಬೇಕು. ಶೋಷಣೆ ಯಾವ ಹಂತದಲ್ಲಿ ಅಪರಾಧವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಅಳತೆ ನನಗೆ ಕಾಣುವುದಿಲ್ಲ.

ಮುಂಗಡದ ವ್ಯವಹಾರದಲ್ಲಿ ಅಪರಾಧಿ ಯಾರು ಎಂಬುದು ಈ ದೇಶದಲ್ಲಿ ಒಮ್ಮೆ ಪೂರ್ತಿ ಬುಡಮೇಲಾಗಿದೆ. ಆರ್. ಎಚ್. ಎಲಿಯಟ್‌ನಂಥ ಐರೋಪ್ಯ ಪ್ಲಾಂಟರುಗಳು ಮಂಜರಾಬಾದಿನ ಕಾಡು ಸವರಿ ಕಾಫಿ ಹಾಕುತ್ತಿದ್ದ ಕಾಲದಲ್ಲೇ, 1859ರಲ್ಲಿ, ಬ್ರಿಟಿಷ್ ಭಾರತದಲ್ಲಿ ಒಂದು ಕಾಯ್ದೆ ಬಂತು. ಮುಂಗಡ ಪಡೆದು ಕೆಲಸಕ್ಕೆ ಬಾರದ, ಇಲ್ಲವೇ ನಡುವೆ ಬಿಟ್ಟುಹೋದ ಕೂಲಿಯವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಹಣ ಕಟ್ಟು, ಇಲ್ಲವೇ ಹೋಗಿ ಕೆಲಸ ಮಾಡು ಎಂದು ಅವರು ಆಜ್ಞೆ ಮಾಡುತ್ತಿದ್ದರು. ಮೀರಿದರೆ 3 ತಿಂಗಳವರೆಗೆ ಸಜೆ. ಅಂದರೆ ಓಡಿಹೋದವನು ಅಪರಾಧಿ, ಮುಂಗಡ ಕೊಟ್ಟವನು ನೊಂದವನು. ಆ ಕಾಯ್ದೆ ರದ್ದಾಗಿ ಅರ್ಧ ಶತಮಾನವಾದ ಮೇಲೆ, ತುರ್ತು ಪರಿಸ್ಥಿತಿಯ ನಡುವೆ, ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಜೀತದ ಸಾಲವೆಲ್ಲ ಅಲ್ಲಿಗೆ ಮುಗಿಯಿತು, ಅದನ್ನು ವಸೂಲಿ ಮಾಡಲು ಹೋಗುವುದೇ ತಪ್ಪು, ಸಾಲ ಜೀತದ್ದಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು ಎಂದಿತು ಅದು. ಜೀತಕ್ಕಿಟ್ಟುಕೊಂಡವನಿಗೆ 3 ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ.

ಅದೇ ಮುಂಗಡ, ಅದೇ ಹೆಬ್ಬೆಟ್ಟು. ಕಟಕಟೆಯಲ್ಲಿ ನಿಂತವರು ಮಾತ್ರ ಅದಲುಬದಲು. ಅಪರಾಧವೆಂಬುದು ಕಾಯ್ದೆ ಪುಸ್ತಕದಲ್ಲಿ ಮೊದಲೇ ಸಿದ್ಧವಾಗಿರುವ ವಸ್ತು ಎಂದು ನಂಬುವವರು ಈ ಎರಡು ಕಾಯ್ದೆಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು. ಆದರೆ ಕಾಯ್ದೆ ತಿರುಗಿದಷ್ಟು ಬೇಗ ಮನಸ್ಸು ತಿರುಗಲಿಲ್ಲ. ‘ಅಡ್ವಾನ್ಸ್ ತಿಂದು ಓಡಿಹೋದ’ ಎಂಬ ಬೈಗುಳ ಇಂದಿಗೂ ಮಲೆನಾಡಿನಲ್ಲಿ 1859ರ ಭಾಷೆಯನ್ನೇ ಆಡುತ್ತದೆ.

ಹೊರಡಲಾಗದ ಸ್ಥಿತಿ ಹೇಗೆ ಹುಟ್ಟುತ್ತದೆ ಎಂಬುದು ತೋಟದ ಲೆಕ್ಕದ ಪುಸ್ತಕದಲ್ಲಿ ಕಾಣುತ್ತದೆ. ಹೀಗೆಂದುಕೊಳ್ಳೋಣ. ಒಬ್ಬ ಹೆಂಗಸು ಮಗಳ ಮದುವೆಗೆಂದು 30,000 ರೂಪಾಯಿ ಮುಂಗಡ ಪಡೆದು ಬಂದಿದ್ದಾಳೆ. ದಿನಕ್ಕೆ 450ರಂತೆ ವಾರಕ್ಕೆ 6 ದಿನ ದುಡಿದರೆ 2,700. ಬಟವಾಡೆ ದಿನ ರೈಟರು 500 ಮುರಿದುಕೊಳ್ಳುತ್ತಾನೆ. ಉಳಿದದ್ದರಲ್ಲಿ ಅಕ್ಕಿ, ಎಣ್ಣೆ, ಊರಿಗೆ ಕಳಿಸುವ ದುಡ್ಡು. ಈ ಲೆಕ್ಕಕ್ಕೆ 60 ವಾರದಲ್ಲಿ ಸಾಲ ತೀರಬೇಕು. ಅಷ್ಟರಲ್ಲಿ ಹಣ್ಣು ಕುಯ್ಲು ಮುಗಿಯುತ್ತದೆ, ಆಮೇಲೆ ಮಳೆ ಹಿಡಿಯುತ್ತದೆ, ಆ ವಾರಗಳಲ್ಲಿ ಕೆಲಸವೇ ಕಡಿಮೆ. ಮಗುವಿಗೆ ಜ್ವರವೆಂದು 5,000, ಹಬ್ಬಕ್ಕೆ 3,000 ಮತ್ತೆ ಬಾಕಿ ಸೇರುತ್ತದೆ. ಅಲ್ಲಿಗೆ ಇನ್ನೂ 16 ವಾರ. ಇದರಲ್ಲಿ ಯಾರೂ ಯಾರಿಗೂ ಹೊಡೆದಿಲ್ಲ, ಬೀಗ ಹಾಕಿಲ್ಲ. ಜ್ವರಕ್ಕೆ ದುಡ್ಡು ಕೊಟ್ಟದ್ದು ಉಪಕಾರವೇ. ಆದರೆ ಪುಸ್ತಕ ಇರುವುದು ರೈಟರ ಮೇಜಿನ ಮೇಲೆ, ಅವಳಿಗೆ ಓದಲು ಬಾರದ ಲಿಪಿಯಲ್ಲಿ. ಆಧಾರ್ ಕಾರ್ಡು ‘ಜೋಪಾನಕ್ಕೆ’ ಆಫೀಸಿನ ಡ್ರಾಯರಿನಲ್ಲಿ. ಊರಿಗೆ ಹೋಗುತ್ತೇನೆ ಎಂದು ಅವಳು ಕೇಳಿದ ದಿನವೇ ಇದೆಲ್ಲದರ ಅರ್ಥ ತಿಳಿಯುವುದು. ‘ಬಾಕಿ ಚುಕ್ತಾ ಮಾಡಿ ಹೋಗು’ ಎಂಬ ಉತ್ತರ ಬಂದರೆ ಅಲ್ಲಿಯವರೆಗಿನ ಉಪಕಾರವೆಲ್ಲ ಬೇಲಿಯಾಗಿ ನಿಲ್ಲುತ್ತದೆ.

ಕನ್ನಡ ಓದುಗರಿಗೆ ಇದು ಹೊಸ ಕಥೆಯಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಘಟ್ಟದ ಕಾಫಿ ತೋಟದ ಸಾಲ ತೀರಿಸಲೆಂದು ಚೋಮನ ಮಕ್ಕಳು ದುಡಿಯಲು ಹೋಗುತ್ತಾರೆ, ಸಾಲ ತೀರುವುದಿಲ್ಲ. ಆಮೇಲೆ ಹೋದ ಮಗಳು ಬೆಳ್ಳಿಯ ಮೈಗೆ ತೋಟದ ಧಣಿ ಕೈಯಿಟ್ಟಮೇಲೆ ಅದೇ ಸಾಲ ವಜಾ ಆಗುತ್ತದೆ. ಗಂಡುಮಕ್ಕಳ ದುಡಿಮೆಗೆ ಕರಗದ ಬಾಕಿ ಹಾಗೆ ಮಾಯವಾಗುವುದಾದರೆ, ಅದು ಮೊದಲಿಂದಲೂ ಹಣದ ಲೆಕ್ಕವಾಗಿರಲೇ ಇಲ್ಲ. ಇನ್ನೊಬ್ಬರ ಬದುಕಿನ ಮೇಲಿನ ಹಿಡಿತದ ಲೆಕ್ಕವಾಗಿತ್ತು. ಜೀತದ ಸಾಲವನ್ನು ರೂಪಾಯಿಯಲ್ಲಿ ಅಳೆಯಲು ಹೋದ ಅಧಿಕಾರಿಗಳು ಎಡವುವುದು ಇಲ್ಲಿಯೇ. ‘ಬರೀ 8,000ಕ್ಕೆ ಯಾರಾದರೂ ಜೀತವಿರುತ್ತಾರೆಯೇ’ ಎಂದು ಅವರು ಕೇಳುತ್ತಾರೆ. ಮೊತ್ತ ಎಷ್ಟು ಎನ್ನುವುದಕ್ಕಿಂತ ತೀರಿತೆಂದು ಹೇಳುವ ಅಧಿಕಾರ ಯಾರ ಕೈಲಿದೆ ಎನ್ನುವುದು ಮುಖ್ಯ.

ಇಂಥವರು ನಮ್ಮ ಕಣ್ಣಿಗೆ ಬಲಿಪಶುಗಳಾಗಿ ಕಾಣುವುದೇ ಇಲ್ಲವೇಕೆ? ನಾರ್ವೆಯ ಅಪರಾಧಶಾಸ್ತ್ರಜ್ಞ ನಿಲ್ಸ್ ಕ್ರಿಸ್ಟಿ 1986ರಲ್ಲಿ ಇದಕ್ಕೊಂದು ಉತ್ತರ ಕೊಟ್ಟ. ಸಮಾಜದ ಮನಸ್ಸಿನಲ್ಲಿ ‘ಆದರ್ಶ ಬಲಿಪಶು’ವಿನ ಒಂದು ಚಿತ್ರವಿರುತ್ತದೆ. ಆಕೆ ದುರ್ಬಲೆ, ಮರ್ಯಾದೆಯ ಕೆಲಸದಲ್ಲಿದ್ದವಳು, ತಪ್ಪು ಅವಳದಲ್ಲ. ಕೈಮಾಡಿದವನು ಬಲಿಷ್ಠ, ದುಷ್ಟ, ಮುಖಪರಿಚಯವೂ ಇಲ್ಲದವನು. ಈ ಚಿತ್ರಕ್ಕೆ ಹೊಂದುವವರಿಗೆ ನಮ್ಮ ಕನಿಕರ ಧಾರಾಳ. ಲೈನು ಮನೆಯ ಹೆಂಗಸು ಹೊಂದುವುದಿಲ್ಲ. ಅವಳು ಕೈಯೊಡ್ಡಿ ದುಡ್ಡು ತೆಗೆದುಕೊಂಡಿದ್ದಾಳೆ, ಧಣಿ ಅವಳಿಗೆ ಪರಿಚಿತ, ಅವನಿಂದ ಅವಳಿಗೆ ಉಪಕಾರವೂ ಆಗಿದೆ. ಕ್ರಿಸ್ಟಿಗಿಂತ ಮೊದಲು, 1948ರಲ್ಲಿ, ಹಾನ್ಸ್ ಫಾನ್ ಹೆಂಟಿಗ್ ಅಪರಾಧದಲ್ಲಿ ಬಲಿಯಾದವರ ಪಾಲೆಷ್ಟು ಎಂದು ವಿಂಗಡಿಸಲು ಹೊರಟಿದ್ದ. ನೊಂದವರನ್ನು ಅಧ್ಯಯನ ಮಾಡುವ ಶಾಸ್ತ್ರ ಮೊದಲ ಹೆಜ್ಜೆಯಲ್ಲೇ ಅವರನ್ನು ಪಾಟೀಸವಾಲಿಗೆ ನಿಲ್ಲಿಸಿತು. ‘ಒಪ್ಪಿ ಬಂದದ್ದಲ್ವಾ’ ಎನ್ನುವ ನಮ್ಮೂರಿನ ಮಾತಿಗೂ ಅದಕ್ಕೂ ಬಹಳ ದೂರವಿಲ್ಲ.

ಚಿತ್ರಕ್ಕೆ ಹೊಂದಿದಾಗ ಏನಾಗುತ್ತದೆ ಎಂಬುದನ್ನೂ ನಾವು ಕಂಡಿದ್ದೇವೆ. 2018ರ ಡಿಸೆಂಬರಿನಲ್ಲಿ ಇದೇ ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಶೆಡ್ಡೊಂದರಲ್ಲಿ ಕೂಡಿಹಾಕಿದ್ದ 52 ಜನರನ್ನು ಪೊಲೀಸರು ಬಿಡಿಸಿದರು. ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಒಳ್ಳೆ ಕೂಲಿಯ ಆಸೆ ತೋರಿಸಿ ಕರೆತಂದಿದ್ದರು; ಒಬ್ಬ ಗೋಡೆ ಹಾರಿ ತಪ್ಪಿಸಿಕೊಂಡು ದೂರು ಕೊಟ್ಟದ್ದರಿಂದ ಬೆಳಕಿಗೆ ಬಂತು. 2022ರ ಅಕ್ಟೋಬರಿನಲ್ಲಿ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟವೊಂದರಲ್ಲಿ ದಲಿತ ಕೂಲಿಗಳನ್ನು ಕೂಡಿಹಾಕಿದ್ದರು, ಗರ್ಭಿಣಿಗೆ ಹೊಡೆದರು ಎಂಬ ದೂರು ದಾಖಲಾಯಿತು. ಅದರ ಮೂಲದಲ್ಲಿದ್ದದ್ದು ಮುಂಗಡದ ಬಾಕಿ. ಎರಡೂ ದೇಶದಾದ್ಯಂತ ಸುದ್ದಿಯಾದವು, ಆಗಲೇಬೇಕಿತ್ತು. ಆದರೆ ಬೀಗವೊಂದೇ ಸಾಕ್ಷಿಯೆಂದು ನಂಬಿಕೊಂಡರೆ ಒಂದು ಅಪಾಯವಿದೆ. ಪುಸ್ತಕದ ಬಲ ಸಾಲದಾದಾಗ, ಕಟ್ಟಕಡೆಗೆ, ಬೀಗ ಹೊರಬರುತ್ತದೆ. ಪುಸ್ತಕದಿಂದಲೇ ಕೆಲಸವಾಗುವ ಕಡೆ ಬೀಗ ಬೇಕಿಲ್ಲ, ಸುದ್ದಿಯೂ ಆಗುವುದಿಲ್ಲ.

ಬೀಗದಾಚೆಗೆ ನೋಡುವ ಪ್ರಯತ್ನ ಸುಪ್ರೀಂ ಕೋರ್ಟಿನಿಂದಲೇ ಆಗಿತ್ತು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕೂಲಿಗಳ ಬಗ್ಗೆ 1982ರಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು, ಹಸಿವು ಮತ್ತು ಬಡತನದ ಒತ್ತಡವೂ ಬಲಾತ್ಕಾರವೇ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದರು. ದೊಡ್ಡ ಮಾತು. ಆದರೂ ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಬಡತನವೇ ಬಲಾತ್ಕಾರವಾದರೆ ಬಡವರು ಮಾಡುವ ಒಪ್ಪಂದಗಳೆಲ್ಲ ಬಲವಂತದ್ದೇ ಆಗುತ್ತವೆ, ಆಗ ನ್ಯಾಯವಾಗಿ ಕೂಲಿ ಕೊಡುವವನಿಗೂ ಕೂಡಿಹಾಕುವವನಿಗೂ ಇರುವ ವ್ಯತ್ಯಾಸವನ್ನು ಹೇಳುವುದು ಹೇಗೆ? ಅಮೆರಿಕದ ತತ್ತ್ವಶಾಸ್ತ್ರಜ್ಞ ಅಲನ್ ವರ್ಥೈಮರ್ ಎತ್ತಿದ ತೊಡಕೂ ಇಲ್ಲೇ ಇದೆ: ಇಬ್ಬರಿಗೂ ಲಾಭವಿರುವ, ಇಬ್ಬರೂ ಒಪ್ಪಿದ ವ್ಯವಹಾರದಲ್ಲೂ ಶೋಷಣೆ ಇರಬಹುದು. ಮುಂಗಡ ಸಿಗದಿದ್ದರೆ ಆ ತಾಯಿಗೆ ಮಗಳ ಮದುವೆಯೇ ಆಗುತ್ತಿರಲಿಲ್ಲ.

ಹಾಗಾಗಿ ಎರಡು ಬಗೆಯ ಅನ್ಯಾಯವನ್ನು ಬೇರೆಬೇರೆ ಇಡಬೇಕು. ಕೂಲಿ ಕಡಿಮೆ, ಲೈನು ಮನೆ ಸೋರುತ್ತದೆ, ಕೆಜಿ ಲೆಕ್ಕದ ಕುಯ್ಲಿನಲ್ಲಿ ತೂಕ ಹೊಡೆಯುತ್ತಾರೆ: ಇವೆಲ್ಲ ಶರತ್ತಿನ ಅನ್ಯಾಯಗಳು. ಕಾರ್ಮಿಕ ಕಾನೂನು, ತಪಾಸಣೆ, ಸಂಘಟನೆ ಇವುಗಳಿಗೆ ಮದ್ದು. ಈ ಶರತ್ತು ಬೇಡವೆಂದು ಎದ್ದು ಹೋಗುವ ದಾರಿಯನ್ನೇ ಮುಚ್ಚಿದಾಗ ಆಗುವುದು ಬೇರೆ ಜಾತಿಯ ಅನ್ಯಾಯ, ಅದು ಅಪರಾಧ. ಹೊರಡುವ ಹಕ್ಕು ಉಳಿದಿರುವವರೆಗೆ ಒಪ್ಪಿಗೆ ಪ್ರತಿದಿನ ಹೊಸದಾಗುತ್ತಿರುತ್ತದೆ. ಅದು ಹೋದ ದಿನ ಹಳೆಯ ಒಪ್ಪಿಗೆ ಎಷ್ಟು ಮನಃಪೂರ್ವಕವಾಗಿದ್ದರೂ ಬೆಲೆಯಿಲ್ಲ. ಸ್ವಾತಂತ್ರ್ಯವನ್ನೇ ಮಾರುವ ಸ್ವಾತಂತ್ರ್ಯ ಯಾರಿಗೂ ಇಲ್ಲವೆಂದು ಜಾನ್ ಸ್ಟುವರ್ಟ್ ಮಿಲ್ ವಾದಿಸಿದ್ದೂ ಇದನ್ನೇ.

ಬೆಳೆಗಾರರ ಅಳಲನ್ನು ಕೇಳದೆ ಈ ವಾದ ಪೂರ್ತಿಯಾಗದು. ಸಕಲೇಶಪುರ, ಆಲೂರಿನ ಬೆಳೆಗಾರರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು. ಹಣ್ಣು ಕೆಂಪಾದಾಗ ಆಳು ಸಿಗದಿದ್ದರೆ ವರ್ಷದ ಬೆಳೆ ಉದುರಿ ಮಣ್ಣುಪಾಲು. ಆನೆ ಕಾಟದ ಹೆದರಿಕೆಗೆ ಸ್ಥಳೀಯರು ತೋಟಕ್ಕೆ ಬರಲು ಹಿಂಜರಿಯುತ್ತಾರೆ. ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಜನ ತರಲು ಮೇಸ್ತ್ರಿಯ ಕೈಗೆ ಮುಂಗಡ ಹಾಕಲೇಬೇಕು. ಹಣ ಪಡೆದ ತಂಡ ಹತ್ತು ದಿನ ದುಡಿದು ಪಕ್ಕದ ತೋಟಕ್ಕೆ ಹಾರಿದರೆ ನಷ್ಟ ಯಾರಿಗೆ? ನಿಜವಾದ ನಷ್ಟವೇ. ಎಲ್ಲ ಮುಂಗಡವೂ ಜೀತವಲ್ಲ ಎಂಬುದೂ ನಿಜ. ಆದರೆ ನಷ್ಟ ತುಂಬಿಕೊಳ್ಳಲು ದಾವೆ ಹೂಡಬಹುದು, ಮೇಸ್ತ್ರಿಯನ್ನು ಹಿಡಿಯಬಹುದು, ಮುಂದಿನ ಸಲ ಮುಂಗಡವನ್ನೇ ಕಡಿಮೆ ಕೊಡಬಹುದು. ವ್ಯಾಪಾರವೆಂದ ಮೇಲೆ ಬಾಕಿ ಮುಳುಗುವ ಅಪಾಯ ಇದ್ದೇ ಇರುತ್ತದೆ. ಆ ಅಪಾಯವನ್ನು ತಪ್ಪಿಸಿಕೊಳ್ಳಲು ಮನುಷ್ಯರನ್ನೇ ಅಡವಿಟ್ಟುಕೊಳ್ಳುವ ಅವಕಾಶ ಮಾತ್ರ 1976ರಲ್ಲಿ ಮುಗಿಯಿತು.

ಸರ್ಕಾರದ ಸ್ಪಂದನೆಯಲ್ಲೂ ಬೀಗ ಹುಡುಕುವ ಚಾಳಿ ಹೊಕ್ಕಿದೆ. ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪ್ರತಿ ಜಿಲ್ಲೆಗೆ, ಪ್ರತಿ ಉಪವಿಭಾಗಕ್ಕೆ ಜಾಗೃತಿ ಸಮಿತಿ ಇರಬೇಕು, ಸಕಲೇಶಪುರ ಉಪವಿಭಾಗಕ್ಕೂ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ಬಿಡುಗಡೆಯಾದ ಗಂಡಸಿಗೆ 1 ಲಕ್ಷ, ಹೆಂಗಸು ಮತ್ತು ಮಕ್ಕಳಿಗೆ 2 ಲಕ್ಷ, ಘೋರ ಪ್ರಕರಣಗಳಲ್ಲಿ 3 ಲಕ್ಷ. ತಕ್ಷಣಕ್ಕೆ ಸಿಗುವುದು 30,000ವರೆಗೆ ಮಾತ್ರ. ಉಳಿದದ್ದನ್ನು ಪ್ರಕರಣದ ತೀರ್ಮಾನಕ್ಕೆ ಗಂಟುಹಾಕಲಾಗಿದೆ. ಧಣಿಗೆ ಶಿಕ್ಷೆಯಾದರಷ್ಟೇ ಇವಳು ನೊಂದವಳು ಎಂದಂತಾಯಿತು. ವಿಚಿತ್ರವೆಂದರೆ ನಮ್ಮ ಕಾನೂನಿಗೇ ಇದಕ್ಕಿಂತ ಒಳ್ಳೆಯ ಬುದ್ಧಿ ಗೊತ್ತು. ದಂಡಪ್ರಕ್ರಿಯಾ ಸಂಹಿತೆಗೆ ಸೇರಿದ 357ಎ ಸೆಕ್ಷನ್ನು, ಆರೋಪಿ ಪತ್ತೆಯಾಗದೆ ವಿಚಾರಣೆ ನಡೆಯದಿದ್ದರೂ ನೊಂದವರು ಪರಿಹಾರ ಕೇಳಬಹುದು ಎಂದಿತು. 2011ರಲ್ಲಿ ಕರ್ನಾಟಕ ಅದಕ್ಕೆ ಯೋಜನೆಯನ್ನೂ ರೂಪಿಸಿತು. ಅಪರಾಧಿ ಸಿಗದಿದ್ದರೂ, ಶಿಕ್ಷೆಯಾಗದಿದ್ದರೂ ನೊಂದವರು ನೊಂದವರೇ ಎಂದು 1985ರಲ್ಲೇ ವಿಶ್ವಸಂಸ್ಥೆಯ ಘೋಷಣೆ ಸಾರಿತ್ತು. ಕೊಲೆ, ಹಲ್ಲೆಗಳಲ್ಲಿ ಒಪ್ಪಿದ ಈ ತತ್ತ್ವ ಜೀತದಲ್ಲಿ ಏಕೆ ಒಪ್ಪಿತವಾಗಲಿಲ್ಲ? ಕೊಲೆಯಾದವನು ತಾನಾಗಿ ಒಪ್ಪಿದ್ದನೇ ಎಂದು ಯಾರೂ ಕೇಳುವುದಿಲ್ಲ. ಜೀತದವಳ ವಿಷಯದಲ್ಲಿ ಆ ಅನುಮಾನ ಅಧಿಕಾರಿಯ ಮನಸ್ಸಿನಲ್ಲೂ ಹೋಗಿಲ್ಲ.

ಅನುಮಾನದ ಫಲ ಅಂಕಿಗಳಲ್ಲಿದೆ. 2030ರೊಳಗೆ 1.84 ಕೋಟಿ ಜೀತದಾಳುಗಳನ್ನು ಗುರುತಿಸಿ ಬಿಡಿಸುವ ಗುರಿಯನ್ನು 2016ರಲ್ಲಿ ಕೇಂದ್ರ ಸರ್ಕಾರವೇ ಹೇಳಿಕೊಂಡಿತು. 1978ರಿಂದೀಚೆಗೆ ದೇಶದಲ್ಲಿ ಬಿಡುಗಡೆ, ಪುನರ್ವಸತಿ ಕಂಡವರು ಸುಮಾರು 3 ಲಕ್ಷ. ಬಿಡಿಸಿ ಕೈಬಿಟ್ಟರೆ ಹಸಿವು ಅವರನ್ನು ಮತ್ತೆ ಅಲ್ಲಿಗೇ ನೂಕುತ್ತದೆ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ಎಚ್ಚರಿಸಿತ್ತು.

ಹೊರಡುವ ಹಕ್ಕನ್ನು ಅಳತೆಗೋಲಾಗಿ ಒಪ್ಪಿದರೆ ಜಾಗೃತಿ ಸಮಿತಿಗೆ ಶೆಡ್ಡಿನ ಬೀಗ ಒಡೆಯುವವರೆಗೆ ಕಾಯುವ ಅಗತ್ಯವಿಲ್ಲ. ಕುಯ್ಲಿನ ಕಾಲದಲ್ಲಿ ಲೈನು ಮನೆಗಳಿಗೆ ಹೋಗಿ, ಧಣಿ, ರೈಟರು, ಮೇಸ್ತ್ರಿ ಎದುರಿಗಿಲ್ಲದಾಗ, ಕೂಲಿಯವರ ಭಾಷೆ ಬಲ್ಲವರನ್ನು ಜೊತೆಗಿಟ್ಟುಕೊಂಡು ಮೂರು ಪ್ರಶ್ನೆ ಕೇಳಿದರೆ ಸಾಕು. ಬಾಕಿ ಲೆಕ್ಕದ ಪ್ರತಿ ನಿಮ್ಮ ಹತ್ತಿರ ಇದೆಯೇ? ಆಧಾರ್ ಕಾರ್ಡು ಯಾರ ಹತ್ತಿರ ಇದೆ? ಬಾಕಿ ಇಟ್ಟುಕೊಂಡೇ ಈ ತೋಟ ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ, ಅವರಿಗೆ ಏನಾಯಿತು? ಮೂರನೆಯದಕ್ಕೆ ಸಹಜವಾಗಿ ಉತ್ತರ ಬರುವ ತೋಟದಲ್ಲಿ ‘ಒಪ್ಪಿ ಬಂದದ್ದಲ್ವಾ’ ಎಂಬ ಮಾತನ್ನು ನಂಬಬಹುದು. ಕೂಲಿ ಕಡಿಮೆಯಿದ್ದರೆ ಅದಕ್ಕೆ ಬೇರೆ ಕಾನೂನಿದೆ. ಹಾಗೆ ಬಿಟ್ಟುಹೋದವರು ಒಬ್ಬರೂ ಇಲ್ಲ, ಆ ಮಾತೆತ್ತಿದರೇ ಜನ ಮುಖ ತಿರುಗಿಸುತ್ತಾರೆ ಎಂದಾದರೆ, ಅಲ್ಲಿ ಒಪ್ಪಿಗೆಯನ್ನು ಸಾಬೀತು ಮಾಡುವ ಹೊಣೆ ಧಣಿಯದು. ಕಾಯ್ದೆ ಅದನ್ನು ಸುಮಾರು ಐವತ್ತು ವರ್ಷಗಳ ಹಿಂದೆಯೇ ಅವನ ಮೇಲೆ ಹೊರಿಸಿದೆ.