ಪರಹಸ್ತದಿಂದ ಮಾಡಿಸಿದ ಹಿಂಸೆ ಯಾರದು?

ಕಳೆದ ವರ್ಷ ದಶಲಕ್ಷಣ ಪರ್ವಕ್ಕೆ ಕೆಲವು ದಿನಗಳ ಮುಂಚೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನೆಲೆಸಿರುವ ನನ್ನ ಮಗಳು ದೂರವಾಣಿಯಲ್ಲಿ ಒಂದು ಪ್ರಶ್ನೆ ಕೇಳಿದಳು. ಅವರ ಮನೆಯ ಕಿಟಕಿಗಳಿಗೆ ಒಣಮರದ ಗೆದ್ದಲು ಹಿಡಿದಿತ್ತು. ಪರೀಕ್ಷಿಸಲು ಬಂದ ಕಂಪನಿಯು, ಇಡೀ ಮನೆಗೆ ಗುಡಾರದಂತೆ ಹೊದಿಕೆ ಹಾಕಿ ವಿಷಾನಿಲ ತುಂಬಬೇಕೆಂದೂ, ಆ ಕೆಲಸವನ್ನು ಬೇರೊಂದು ಕಂಪನಿಗೆ ಉಪಗುತ್ತಿಗೆ ಕೊಡುವುದಾಗಿಯೂ ಬರೆದು ಸಹಿ ಕೇಳಿತ್ತು. “ಅಪ್ಪಾಜಿ, ಕೊಲ್ಲುವವಳು ನಾನಲ್ಲ; ನಾನು ಮಾತನಾಡಿದ ಕಂಪನಿಯೂ ಅಲ್ಲ; ನಾನು ಮುಖವನ್ನೇ ಕಾಣದ ಮೂರನೆಯವರು. ಹಾಗಾದರೆ ದೋಷ ಯಾರದು?”

ಮೊದಲು ಆ ನಾಡಿನ ಕಾಯಿದೆಯನ್ನು ನೋಡೋಣ. ಅಲ್ಲಿ ಕಟ್ಟಡಗಳ ಕೀಟನಿಯಂತ್ರಣ ವೃತ್ತಿಯ ಮೇಲ್ವಿಚಾರಣೆಗೆ 1935ರಲ್ಲಿಯೇ ಒಂದು ಮಂಡಲಿ ಏರ್ಪಟ್ಟಿತು. ವೃತ್ತಿಯಲ್ಲಿ ಮೂರು ಶಾಖೆಗಳಿವೆ: ವಿಷಾನಿಲ ಪ್ರಯೋಗ, ಮನೆಯ ಸಾಮಾನ್ಯ ಕೀಟಗಳು, ಮರವನ್ನು ಕೆಡಿಸುವ ಜೀವಿಗಳು. ಶಾಖೆಗಳಿಗೆ ಪ್ರತ್ಯೇಕ ಪರವಾನಗಿ ಇರುವುದರಿಂದ, ಗೆದ್ದಲನ್ನು ಪರೀಕ್ಷಿಸಿದವರು ಅನೇಕ ವೇಳೆ ವಿಷಾನಿಲದ ಕೆಲಸವನ್ನು ಅನ್ಯರಿಗೆ ಒಪ್ಪಿಸುತ್ತಾರೆ. ಹಾಗೆ ಒಪ್ಪಿಸುವುದನ್ನು ಗಿರಾಕಿಗೆ ಮುಂಚಿತವಾಗಿ ಲಿಖಿತದಲ್ಲಿ ತಿಳಿಸಬೇಕು. ಕೆಲಸ ಯಾರ ಕೈಯಿಂದ ನಡೆದರೂ ಕರಾರು ಮಾಡಿಕೊಂಡ ಕಂಪನಿಯ ಹೊಣೆ ತಪ್ಪದು. ಯಾವ ಕೀಟಕ್ಕಾಗಿ ಯಾವ ಔಷಧ, ಅದರ ಸಕ್ರಿಯ ಅಂಶ ಯಾವುದು, ಅದು ವಿಷವೆಂಬ ಎಚ್ಚರಿಕೆ, ಇವೆಲ್ಲವನ್ನೂ ಮನೆಯ ಒಡೆಯರಿಗೂ ಬಾಡಿಗೆದಾರರಿಗೂ ತಿಳಿಸತಕ್ಕದ್ದು.

ಕೈ ಬದಲಾದರೂ ಹೊಣೆ ಬದಲಾಗದೆಂದು ಲೌಕಿಕ ಕಾಯಿದೆಯೇ ಒಪ್ಪಿದಂತಾಯಿತು. ಆದರೆ ಅದು ಗಿರಾಕಿಯನ್ನು ರಕ್ಷಿಸಬೇಕಾದವನೆಂದು ಮಾತ್ರ ಎಣಿಸುತ್ತದೆ. ನಮ್ಮ ಶಾಸ್ತ್ರವು ಅವನನ್ನೂ ಕರ್ತೃಗಳ ಸಾಲಿನಲ್ಲಿಯೇ ನಿಲ್ಲಿಸುತ್ತದೆ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವನ್ನು ಸ್ಮರಿಸಿರಿ. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ಕೃತ, ಕಾರಿತ, ಅನುಮತಗಳೆಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ 108 ಭೇದಗಳು. ಉಪಗುತ್ತಿಗೆದಾರನದು ಕೃತ. ಕಂಪನಿಯದು ಕಾರಿತ. ಸಹಿ ಹಾಕಿ ಹಣ ಕೊಟ್ಟವರದೂ ಕಾರಿತವೇ. “ಪೀಡೆ ತೊಲಗಿತು” ಎಂದು ಹಿಗ್ಗಿದ ನೆರೆಯವನದು ಅನುಮೋದನೆ. ಪಾಲುದಾರರು ಹೆಚ್ಚಿದರೆ ಹಣದ ಪಾಲು ಕಡಿಮೆಯಾಗಬಹುದು. ಪಾಪವು ಹಾಗೆ ಹಂಚಿಹೋಗುವ ವಸ್ತುವಲ್ಲ. ಅವರವರ ಭಾವಕ್ಕೆ ತಕ್ಕ ಬಂಧ ಅವರವರಿಗೆ.

“ಗೃಹಸ್ಥನಿಗೆ ಆರಂಭೀ ಹಿಂಸೆ ತಪ್ಪದಲ್ಲವೇ?” ಎಂದು ಕೇಳಬಹುದು. ತಪ್ಪದು, ನಿಜ. ಆದರೆ ಅಡಿಗೆ ಮಾಡುವಾಗ, ಕಸ ಗುಡಿಸುವಾಗ ಕೊಲ್ಲುವುದು ನಮ್ಮ ಉದ್ದೇಶವಲ್ಲ. ವಿಷಾನಿಲಕ್ಕೆ ಅದೊಂದೇ ಉದ್ದೇಶ. ಇನ್ನು ಮನೆಯ ರಕ್ಷಣೆಗಾಗಿ ಮಾಡುವ ವಿರೋಧೀ ಹಿಂಸೆ ಎನ್ನುವುದಾದರೆ, ಬೇರೆ ದಾರಿಯಿಲ್ಲವೆಂಬುದು ಮೊದಲು ಖಚಿತವಾಗಬೇಕು. ಆ ಸೂಚನಾಪತ್ರದ ನಿಜವಾದ ಬೆಲೆ ಇಲ್ಲಿದೆ. ಅದು ನಮಗೆ ತಿಳಿವನ್ನು ಕೊಡುತ್ತದೆ, ಸಹಿಗೆ ಮುಂಚೆ ವಿವೇಕಕ್ಕೆ ಅವಕಾಶವನ್ನೂ ಕೊಡುತ್ತದೆ. ಓದಿದ ಮೇಲೆ “ನನಗೆ ತಿಳಿಯದು” ಎನ್ನುವ ನೆಪ ಉಳಿಯದು.

ಮಗಳಿಗೆ ಇಷ್ಟನ್ನೇ ಹೇಳಿದೆ. ಅವಳು ಸಹಿ ಹಾಕದೆ ಪರೀಕ್ಷಾ ವರದಿಯನ್ನು ಪುನಃ ಓದಿದಳು. ಗೆದ್ದಲು ಕಂಡದ್ದು ಎರಡು ಚೌಕಟ್ಟುಗಳಲ್ಲಿ ಮಾತ್ರ. ಅವನ್ನು ಕತ್ತರಿಸಿ ತೆಗೆಯಿಸಿ, ಹೊಸ ಮರ ಕೂಡಿಸಿ, ಬಿರುಕುಗಳನ್ನು ಮುಚ್ಚಿಸಿದಳು. ತೆಗೆದ ಮರದಲ್ಲಿದ್ದ ತ್ರೀಂದ್ರಿಯ ಜೀವಗಳೆಲ್ಲ ಬದುಕಿದವೆಂದು ನಾನು ಹೇಳಲಾರೆ. ಹಿಂಸೆ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಮುಂದೆ ಗೆದ್ದಲು ಮರಳಿದರೆ ಇದೇ ಪ್ರಶ್ನೆ ಇನ್ನೂ ಕಠಿಣವಾಗಿ ಬರುವುದೆಂಬುದನ್ನೂ ನಾವಿಬ್ಬರೂ ಬಲ್ಲೆವು.

“ಇದಕ್ಕೆಂದು ಒಂದು ಉಪವಾಸ ಮಾಡಿಬಿಡಲೇ?” ಎಂದು ಅವಳು ಕೇಳಿದಳು. ಮಾಡು, ಆದರೆ ಬೆಲೆ ತೆತ್ತೆನೆಂಬ ಭಾವದಿಂದ ಬೇಡ ಎಂದೆ. ಉಪವಾಸವು ಹಿಂಸೆಗೆ ಕಟ್ಟುವ ದಂಡವಲ್ಲ. ಮಾಡಿಸಿದ್ದನ್ನು ಮಾಡಿಸಿದೆನೆಂದು ಆಲೋಚನೆಯಲ್ಲಿ ಒಪ್ಪಿಕೊಂಡು, ಮುಂದೆ ಎಚ್ಚರವಾಗಿರುವೆನೆಂದು ನಿಶ್ಚಯಿಸಿದ ಮನಸ್ಸಿಗೆ ಮಾತ್ರ ಅದು ತಪಸ್ಸಾಗುತ್ತದೆ.

ಶ್ರಾವಕ ಬಂಧುಗಳೇ, ನಮ್ಮ ಊರುಗಳಲ್ಲಿಯೂ ಈಗ ಕೀಟನಾಶಕ ಸಿಂಪಡಿಸುವವರು ವರ್ಷದ ಕರಾರಿನ ಮೇಲೆ ಬಾಗಿಲಿಗೆ ಬರುತ್ತಾರೆ. ಏನು ಸಿಂಪಡಿಸುವಿರಿ, ಯಾರು ಸಿಂಪಡಿಸುವರು, ಸಿಂಪಡಿಸದೆ ಆಗದೇ ಎಂದು ಕೇಳಿರಿ. ಉತ್ತರ ಏನೇ ಬರಲಿ, ಸಹಿ ಹಾಕುವ ಕೈ ನಮ್ಮದೆಂಬುದನ್ನು ಮರೆಯದಿರೋಣ.