ಶರತ್ತಿಲ್ಲದ ಭಕ್ತಿ

ಮಗಳ ಮದುವೆ, ಮಗನ ನೌಕರಿ ಎಂದು ಹರಕೆ ಹೊರುವಾಗ ನಾವು ದೇವರೊಡನೆ ಕರಾರು ಮಾಡಿಕೊಂಡಿರುತ್ತೇವೆ. ಬೇಡಿದ್ದು ಸಿಗದಿದ್ದರೆ? ಆಗೆಲ್ಲ ನನಗೆ ಹಾಲೆಂಡಿನ ಬೆಟ್ಸಿ ಟೆನ್ ಬೂಮ್ ನೆನಪಾಗುತ್ತಾಳೆ. ಯೆಹೂದ್ಯರನ್ನು ಮನೆಯಲ್ಲಿ ಬಚ್ಚಿಟ್ಟು ಕಾಪಾಡಿದ್ದಕ್ಕೆ 1944ರಲ್ಲಿ ನಾತ್ಸಿಗಳು ಆಕೆಯನ್ನೂ ತಂಗಿ ಕೊರಿಯನ್ನೂ ಬಂಧಿಸಿ, ಜರ್ಮನಿಯ ರಾವೆನ್ಸ್‌ಬ್ರೂಕ್ ಸೆರೆಶಿಬಿರಕ್ಕೆ ತಳ್ಳಿದರು. ಅಲ್ಲಿ ಮುತ್ತಿದ ಚಿಗಟಗಳಿಗಾಗಿಯೂ ಬೆಟ್ಸಿ ದೇವರಿಗೆ ವಂದನೆ ಹೇಳಿದಳು. ಕೊರಿಗೆ ಅದು ಒಪ್ಪಿಗೆಯಾಗಲಿಲ್ಲ. ಚಿಗಟಗಳಿಗೆ ಹೆದರಿ ಕಾವಲಿನವರು ಒಳಗೆ ಬರುತ್ತಿರಲಿಲ್ಲ, ಅದರಿಂದಲೇ ಬೈಬಲ್ ಓದಲು ಸಾಧ್ಯವಾಯಿತು ಎಂಬುದು ತಿಳಿದದ್ದು ಆಮೇಲೆ. ಬೆಟ್ಸಿಯ ವಂದನೆ ಮೊದಲೇ ಸಂದಿತ್ತು. ಬಿಡುಗಡೆಯಂತೂ ಆಕೆಗೆ ಸಿಗಲಿಲ್ಲ. ಆ ಡಿಸೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡಳು. ಫಲ ಕಂಡಮೇಲೆ ಕೈಮುಗಿಯುವುದು ನಮಗೆಲ್ಲ ಬರುತ್ತದೆ. ಫಲ ಕಾಣದಾಗಲೂ ಮುಗಿದ ಕೈ ಬಿಡದಿರುವುದನ್ನೇ ಭಕ್ತಿ ಎನ್ನಬೇಕು, ಅಲ್ಲವೆ?