ಸ್ವಲೀನತೆ ಮತ್ತು ‘ಸ್ವ’ದ ಪ್ರಶ್ನೆ

ಆಟಿಸಂ ಎಂಬುದಕ್ಕೆ ಕನ್ನಡದಲ್ಲಿ ಬಳಕೆಗೆ ಬಂದಿರುವ ‘ಸ್ವಲೀನತೆ’ ಎಂಬ ಪದವು ತನ್ನಲ್ಲೇ ತಾನು ಲೀನವಾಗಿರುವ ಸ್ಥಿತಿಯನ್ನು ಸೂಚಿಸುತ್ತದೆ. ಮೂಲ ಪದವನ್ನು ‘ತಾನು’ ಎಂಬರ್ಥದ ಗ್ರೀಕ್ ಶಬ್ದದಿಂದ ರೂಪಿಸಿದ ಸ್ವಿಸ್ ಮನೋವೈದ್ಯ ಯೂಜೆನ್ ಬ್ಲಾಯ್ಲರ್ ಅದನ್ನು ಸ್ಕಿಜೋಫ್ರೇನಿಯಾದ ಲಕ್ಷಣವೊಂದಕ್ಕೆ ಬಳಸಿದ್ದನು. 1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರಗಳನ್ನು ಪ್ರಕಟಿಸಿದ ಮೇಲೆ ಅದು ಇಂದಿನ ಅರ್ಥದತ್ತ ಹೊರಳಿತು. ಅಂತರ್ಮುಖಿಯಾದ ಯೋಗಿಗೆ ಕೈಮುಗಿಯುವ ಸಮಾಜವೇ ಅಂತರ್ಮುಖಿಯಾದ ಹುಡುಗನನ್ನು ಕಂಡು ಮರುಗುತ್ತದೆ, ಆದರೆ ಅವನನ್ನು ಯೋಗಿಯೆಂದು ಕೊಂಡಾಡುವುದೂ ಅವನನ್ನು ಕಾಣದಿರುವ ಇನ್ನೊಂದು ಬಗೆಯೇ ಆಗಿದೆ. ಹೆಸರಿನಲ್ಲೇ ‘ಸ್ವ’ವನ್ನು ಹೊತ್ತವರಿಗೆ ತಾವು ಯಾರೆಂದು ಹೇಳಿಕೊಳ್ಳುವ ಅವಕಾಶ ದೊರೆಯುವುದು ಅಪರೂಪ; ವೈದ್ಯರ ವರದಿ, ಶಾಲೆಯ ಕಡತ ಮತ್ತು ಹೆತ್ತವರ ಆತಂಕಗಳು ಅದನ್ನು ಮೊದಲೇ ಹೇಳಿ ಮುಗಿಸಿರುತ್ತವೆ.

‘ನಾನು ಯಾರು’ ಎಂಬ ಪ್ರಶ್ನೆಯನ್ನು ಹದಿಹರೆಯದ ಕೇಂದ್ರದಲ್ಲಿಟ್ಟ ಮನೋವಿಶ್ಲೇಷಕ ಎರಿಕ್ ಎರಿಕ್ಸನ್, ಅಸ್ಮಿತೆ ಎಂದರೆ ವ್ಯಕ್ತಿಗೆ ತನ್ನ ಬಗ್ಗೆ ಇರುವ ನಿರಂತರತೆಯ ಭಾವವೂ ಸಮುದಾಯವು ಅದಕ್ಕೆ ನೀಡುವ ಮನ್ನಣೆಯೂ ಕೂಡಿದ್ದು ಎಂದು ತಿಳಿದಿದ್ದನು. ಈ ಮನ್ನಣೆಯೇ ಸ್ವಲೀನ ಹದಿಹರೆಯದವರಿಗೆ ಷರತ್ತಿನ ಮೇಲೆ ಸಿಗುತ್ತದೆ: ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿದರೆ, ಕೈಗಳನ್ನು ಅಲ್ಲಾಡಿಸದಿದ್ದರೆ, ರೈಲಿನ ವೇಳಾಪಟ್ಟಿಯ ಬಗ್ಗೆ ಗಂಟೆಗಟ್ಟಲೆ ಹೇಳದಿದ್ದರೆ ಮೆಚ್ಚುಗೆ, ಇಲ್ಲವಾದರೆ ತಿದ್ದುಪಡಿ. ಹೀಗೆ ಸಹಜ ಚಲನೆಗಳನ್ನು ಅದುಮಿ ಇತರರ ಹಾವಭಾವಗಳನ್ನು ಅನುಕರಿಸುವುದನ್ನು ಮರೆಮಾಚುವಿಕೆ ಎನ್ನುತ್ತಾರೆ. ಲೋಕದಲ್ಲಿ ಎಲ್ಲರೂ ಅಷ್ಟಿಷ್ಟು ವೇಷ ಧರಿಸುವವರೇ ಅಲ್ಲವೇ ಎಂಬ ಆಕ್ಷೇಪಕ್ಕೆ ಉತ್ತರವಿದೆ: ಉಳಿದವರು ಮನೆಗೆ ಬಂದು ವೇಷ ಕಳಚುತ್ತಾರೆ, ಮನೆಯಲ್ಲೂ ತಿದ್ದುಪಡಿಗೆ ಒಳಗಾಗುವ ಹುಡುಗಿಗೆ ಅದನ್ನು ಕಳಚುವ ಜಾಗವೇ ಇರುವುದಿಲ್ಲ, ಕೊನೆಗೆ ಬಳಲಿಕೆಯೊಂದಿಗೆ, ತನಗೆ ನಿಜವಾಗಿ ಏನು ಇಷ್ಟ ಎಂಬುದೇ ಅವಳಿಗೆ ತೋಚದಂತಾಗಬಹುದು.

ಸ್ವಲೀನತೆಯು ಮಗುವನ್ನು ಮುಚ್ಚಿರುವ ಚಿಪ್ಪಲ್ಲ, ಅದು ಇರುವಿಕೆಯ ಒಂದು ಬಗೆ ಎಂದು 1993ರಲ್ಲಿ ಹೆತ್ತವರನ್ನು ಉದ್ದೇಶಿಸಿ ವಾದಿಸಿದ ಜಿಮ್ ಸಿಂಕ್ಲೇರ್ ಸ್ವತಃ ಸ್ವಲೀನ ವ್ಯಕ್ತಿ. 2012ರಲ್ಲಿ ಡೇಮಿಯನ್ ಮಿಲ್ಟನ್ ಮಂಡಿಸಿದ ‘ಇಬ್ಬದಿಯ ಸಹಾನುಭೂತಿ’ಯ ವಿಚಾರವೂ ಅಂಥ ಒಳಗಿನ ದನಿಯೇ: ಅರ್ಥವಾಗದಿರುವುದು ಒಬ್ಬರ ಕೊರತೆಯಲ್ಲ, ಭಿನ್ನ ಬಗೆಯಲ್ಲಿ ಲೋಕವನ್ನು ಅನುಭವಿಸುವ ಇಬ್ಬರ ನಡುವಿನ ತೊಡಕು. ಈ ಮಾತನ್ನು ಒಪ್ಪಿದರೆ ಬೆಂಬಲದ ಹೊಣೆ ಹದಿಹರೆಯದವರನ್ನು ತಿದ್ದುವುದರಿಂದ ಅವರನ್ನು ಅರಿಯುವುದರ ಕಡೆಗೆ ಸರಿಯಬೇಕಾಗುತ್ತದೆ.

ರೋಗನಿರ್ಣಯದ ಹೆಸರನ್ನು ಮಕ್ಕಳಿಂದ, ಕೆಲವೊಮ್ಮೆ ಮುಂದಿನ ಮದುವೆಯ ಮಾತುಕತೆಗೆ ಹೆದರಿ ನೆಂಟರಿಂದಲೂ, ಮುಚ್ಚಿಡುವ ಕುಟುಂಬಗಳ ಭಯ ಅರ್ಥವಾಗುವಂಥದ್ದು. ಆ ಭಯಕ್ಕೆ ಆಧಾರವೂ ಇದೆ: ವರ್ಗೀಕರಣವು ವರ್ಗೀಕೃತರನ್ನೇ ಬದಲಿಸುತ್ತದೆ ಎಂದು ತತ್ತ್ವಜ್ಞ ಇಯಾನ್ ಹ್ಯಾಕಿಂಗ್ ತೋರಿಸಿದ್ದುಂಟು. ಆದರೆ ಬದಲಾದವರು ಆ ವರ್ಗದ ಅರ್ಥವನ್ನೂ ಬದಲಿಸುತ್ತಾರೆಂಬುದು ಅದೇ ವಿಚಾರದ ಮರುಮುಖ, ಮತ್ತು ಹೆಸರು ತಿಳಿಯದವನು ತನ್ನ ಭಿನ್ನತೆಯನ್ನು ಸೋಮಾರಿತನ, ಹುಚ್ಚು, ಅಹಂಕಾರ ಎಂಬ ಬೈಗುಳದ ಮಾತುಗಳಲ್ಲೇ ಅರ್ಥೈಸಿಕೊಳ್ಳುತ್ತಾನೆ.

ಮಾತೇ ಬಾರದವರ ವಿಷಯದಲ್ಲಿ ಪ್ರಶ್ನೆ ಇನ್ನೂ ಕಠಿಣ. ತನ್ನ ಬದುಕಿನ ಕಥೆಯನ್ನು ಹೇಳಿಕೊಳ್ಳಬಲ್ಲವನಿಗೇ ‘ಸ್ವ’ ಇದೆಯೆನ್ನುವ ತತ್ತ್ವವು ಇವರನ್ನು ಹೊರಗಿಡುತ್ತದೆ. ಆದರೆ ಮಾತಿನ ಬದಲು ಬಳಸುವ ಚಿತ್ರಫಲಕದ ಮೇಲೆ ಬೆರಳಿಟ್ಟು ‘ಬೇಡ’ ಎಂದು ತೋರುವ ಹುಡುಗ, ಆ ‘ಬೇಡ’ವನ್ನು ಮನೆಯವರು ಹಟವೆಂದು ತಳ್ಳಿಹಾಕದೆ ಪಾಲಿಸಿದ ದಿನ, ಕಥೆಯೊಂದನ್ನೂ ಹೇಳದೆಯೇ ತನ್ನನ್ನು ತಾನು ಹೇಳಿಕೊಂಡಿರುತ್ತಾನೆ.